ವಿಶೇಷ ಎಂತದ್ದೂ ಇಲ್ಲ

ನಮ್ಮ ಬಡಾವಣೆಯ ಸಂಘದವರು ತೀರಿಹೋದ ಸರ್ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ. ಕಾರ್ಯದರ್ಶಿ ಅಂಗಡಿಗೇ ಬಂದು, "ಕಾಕ, ನೀವು ಸರ್ ಒಟ್ಟಿಗೆ ಅಷ್ಟು ವರ್ಷ ಕೆರೆ ಬದಿಯಲ್ಲಿ ನಿಂತವರು. ಎರಡು ಪುಟ ಬರೆದು ಕೊಡಿ" ಎಂದರು. ಬರೆಯುವವನಿಗೆ ಕಷ್ಟವಾಗಬಾರದೆಂದು ಮೂರು ಶಬ್ದಗಳನ್ನೂ ಅವರೇ ಹೇಳಿಹೋದರು: ಪಕ್ಷಿಪ್ರೇಮಿ, ಅಜಾತಶತ್ರು, ತುಂಬಲಾರದ ನಷ್ಟ. ಇವು ಎಲ್ಲಾದರೂ ಒಂದು ಕಡೆ ಬಂದರೆ ಸಾಕಂತೆ, ಉಳಿದದ್ದು ನನ್ನಿಷ್ಟವಂತೆ. ನಾನು ಎರಡು ದಿನ ಕೂತು ಬರೆದೆ. ಮೂರರಲ್ಲಿ ಒಂದೂ ಬರಲಿಲ್ಲ.

ಹೆಸರು ಬರೆಯುವುದಿಲ್ಲ. ಅವರ ಮಗಳು ಒಳ್ಳೆಯ ಹೆಂಗಸು, ಅಪ್ಪನ ಹಾಗಲ್ಲ. ಅವಳ ಮನಸ್ಸು ನೋಯುವುದು ಬೇಡ. ಹಾಗೆಂದು ಸುಳ್ಳು ಬರೆಯುವುದೂ ನನ್ನಿಂದಾಗದು.

ನಾನು ಕನ್ನಡಕದ ವ್ಯಾಪಾರಿ. ಬಿಜೈಯಲ್ಲಿ ಬಸ್ಸು ನಿಲ್ದಾಣದ ಹತ್ತಿರ ನನ್ನ ಅಂಗಡಿ, ಪಡೀಲಿನಿಂದ ಸ್ವಲ್ಪ ಒಳಗೆ ನನ್ನ ಮನೆ. ಮನೆಯ ಹಿಂದೆಯೇ ಕೆರೆ. ಕೆರೆ ಎಂದರೆ ದೊಡ್ಡದೇನಲ್ಲ, ಈ ದಡದಿಂದ ಕರೆದರೆ ಆ ದಡದವರು 'ಎಂತ?' ಎಂದು ಕೇಳುವಷ್ಟು ಅಗಲ. ಅರ್ಧ ಆಳದ ನೀರು, ಇನ್ನರ್ಧ ಮೊಣಕಾಲುದ್ದ ಕೆಸರು, ಜೊಂಡು, ತಾವರೆ ಎಲೆ. ಮಳೆ ಪೂರ್ತಿ ಬಿಟ್ಟು, ದೀಪಾವಳಿ ಕಳೆದು, ಬೆಳಗಿನ ಹೊತ್ತು ಮಾತ್ರ ಸ್ವಲ್ಪ ತಂಪು ಎನಿಸುವ ಆ ನಾಲ್ಕು ವಾರಗಳಲ್ಲಿ ಆ ಕೆಸರಿನ ಕಡೆಗೆ ಹಕ್ಕಿಗಳು ಬರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಸಿಳ್ಳೆ ಬಾತುಗಳು. ಹಾರುವಾಗ ಸಣ್ಣಗೆ ಸಿಳ್ಳೆ ಹಾಕುವ ಕಂದು ಬಣ್ಣದ ಬಾತು. ಹೆದ್ದಾರಿಯ ಲಾರಿಗಳ ಗದ್ದಲದ ನಡುವೆಯೂ ಆ ಸಿಳ್ಳೆ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು.

ಅವರು ಬರುತ್ತಿದ್ದದ್ದು ಆರು ಗಂಟೆಗೆ. ಎಂಥದೋ ದೊಡ್ಡ ಕಚೇರಿಯಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಹನ್ನೊಂದು ಜೇಬಿನ ಅಂಗಿ, ಮರುಭೂಮಿಯ ಬಣ್ಣದ ಟೋಪಿ, ಕುತ್ತಿಗೆಯಲ್ಲಿ ಬೈನಾಕ್ಯುಲರ್. ನಮ್ಮ ಊರಿನ ಸೆಕೆಯಲ್ಲಿ ಆ ಅಂಗಿಯೊಳಗೆ ಅವರು ಬೆಂದುಹೋಗುತ್ತಿದ್ದರು. ಸುತ್ತಲೂ ಹಸಿರೇ ಹಸಿರಾದ್ದರಿಂದ, ಹಕ್ಕಿಗಳಿಗೆ ಕಾಣಬಾರದೆಂದು ಹಾಕಿಕೊಂಡ ಆ ವೇಷ ನಮ್ಮ ಮನೆಯ ತಾರಸಿಯಿಂದಲೂ ಎದ್ದು ಕಾಣುತ್ತಿತ್ತು.

ಯಾರಾದರೂ ಮಾತಾಡಿದರೆ ಅಂಗೈ ಎತ್ತಿ ತಡೆಯುತ್ತಿದ್ದರು, ನಂತೂರು ಸರ್ಕಲ್ಲಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸುವ ಹಾಗೆ. ಆಮೇಲೆ ಅವರೇ ಅರ್ಧ ಗಂಟೆ ಮಾತಾಡುತ್ತಿದ್ದರು. ಕೆರೆಗೆ ಬಂದ ಹಕ್ಕಿಗಳು ಅವರ ಪಾಲಿಗೆ ಕೈಕೆಳಗಿನ ನೌಕರರು. "ಈ ಮಿಂಚುಳ್ಳಿ ನಿನ್ನೆ ಗೈರುಹಾಜರು" ಎನ್ನುತ್ತಿದ್ದರು. "ನೀರುಕಾಗೆ ಇವತ್ತು ಇಪ್ಪತ್ತು ನಿಮಿಷ ಲೇಟ್." ಇದು ತಮಾಷೆಯಲ್ಲ. ತಮಾಷೆ ಮಾಡುವಷ್ಟು ಸಲಿಗೆ ಅವರಿಗೆ ಯಾವ ಜೀವಿಯ ಜೊತೆಗೂ ಇರಲಿಲ್ಲ.

ಅವರು ನನಗೆ ಹೇಳುತ್ತಿದ್ದ ಇನ್ನೊಂದು ಮಾತು, "ರೆಕಾರ್ಡ್ ಇಲ್ಲದ್ದು ಇಲ್ಲ ಸಾಹೇಬ್ರೇ." ಉದ್ದನೆಯ ನೋಟುಪುಸ್ತಕವೊಂದಿತ್ತು. ಅದರಲ್ಲಿ ದಿನಾಂಕ, ಹವಾಮಾನ, ಮತ್ತು ಕೊನೆಗೆ 'ವಿಶೇಷ' ಎಂಬ ಕಲಂ. ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು 'ಎಂತ ವಿಶೇಷ?' ಅದಕ್ಕೆ ಉತ್ತರ 'ವಿಶೇಷ ಎಂತದ್ದೂ ಇಲ್ಲ.' ಮನೆಯಲ್ಲಿ ಮದುವೆ ಗೊತ್ತಾಗಿರಲಿ, ಮಗ ದುಬೈಗೆ ಹೊರಟು ನಿಂತಿರಲಿ, ಮೊದಲು ಹಾಗೆಂದು ಹೇಳಿಯೇ ಮುಂದಿನ ಮಾತು. ಅದೊಂದು ಬಾಯಿಮಾತು, ಯಾರೂ ಅದನ್ನು ನಂಬುವುದಿಲ್ಲ. ಆದರೆ ಇವರು ನಂಬಿದ್ದರು. ಪೇಪರು ಹಾಕುವವರು, ಹಾಲಿನವರು, ವಾಕಿಂಗಿನವರು, ಹೋಗುವವರೆಲ್ಲ "ಎಂತ ವಿಶೇಷ ಸರ್?" ಎಂದು ಕೇಳಿ ಹೋಗುತ್ತಿದ್ದರು. ಇವರು ಬೈನಾಕ್ಯುಲರ್ ಕೆಳಗಿಳಿಸಿ, ಕೆರೆಯನ್ನು ಒಮ್ಮೆ ನೋಡಿ, "ವಿಶೇಷ ಎಂತದ್ದೂ ಇಲ್ಲ" ಎಂದು ತೀರ್ಪು ಕೊಡುತ್ತಿದ್ದರು. ನೋಟುಪುಸ್ತಕದ ಆ ಕಲಮಿನಲ್ಲಿಯೂ ಅದನ್ನೇ ಬರೆಯುತ್ತಿದ್ದರು. ಪುಟ ಮಗುಚಿದರೆ ಮೇಲಿಂದ ಕೆಳಗಿನವರೆಗೆ 'ಇಲ್ಲ', 'ಇಲ್ಲ', 'ಇಲ್ಲ'. ಎಲ್ಲೂ ಸಿಗದ ಹಕ್ಕಿ ಬಂದರೆ ಮಾತ್ರ ವಿಶೇಷ. ದಿನಾ ಬರುವುದು, ನೂರಾಗಿ ಬರುವುದು, ಚಂದ ಇರುವುದು, ಯಾವುದೂ ಲೆಕ್ಕಕ್ಕಿಲ್ಲ.

ನನ್ನನ್ನು ಈ ಹುಚ್ಚಿಗೆ ಹಚ್ಚಿದವರು ಅವರೇ ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ದಿನ ಅದೇನು ಮನಸ್ಸು ಬಂತೋ, ಬೈನಾಕ್ಯುಲರನ್ನು ನನ್ನ ಕೈಗೆ ಕೊಟ್ಟರು. ನಲವತ್ತು ವರ್ಷ ಲೆನ್ಸು ಮಾರಿದವನು ನಾನು; ಅದರಲ್ಲಿ ನೋಡತಕ್ಕದ್ದು ಏನಾದರೂ ಉಂಟು ಎಂದು ಗೊತ್ತಾದದ್ದು ಅವತ್ತು. ಬಾತಿನ ರೆಕ್ಕೆಯ ಮೇಲೆ ನೀರಿನ ಹನಿ ಕೂತದ್ದು ಕಂಡಿತು. ಎರಡು ನಿಮಿಷಕ್ಕೆ ವಾಪಸು ಕಸಿದುಕೊಂಡು, "ಸಾಕು, ಇದು ಆಟದ ಸಾಮಾನಲ್ಲ" ಎಂದರು. ಮರುವಾರ ನಾನೇ ಒಂದು ತರಿಸಿಕೊಂಡೆ.

ಕೆರೆಯ ಆ ಬದಿಯಲ್ಲಿ ಲಲಿತಕ್ಕನ ಮನೆ. ಒಂದು ದನ ಇತ್ತು. ಕೆಸರಿನ ಅಂಚಿನ ಹುಲ್ಲು ಕೊಯ್ದೇ ಅದನ್ನು ಸಾಕುತ್ತಿದ್ದರು. ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ, ಯಾವುದು ಯಾವುದನ್ನು ಓಡಿಸುತ್ತದೆ, ಎಲ್ಲ ಅವರಿಗೆ ಗೊತ್ತು. "ದೀಪಾವಳಿ ಕಳೆದು ಜಾರ್ದೆ ತಿಂಗಳು ಹಿಡಿದ್ರೆ ಬಾತು ಬಂತೇ ಬಂತು ಕಾಕ. ಕತ್ತಿ ಸದ್ದು ಕೇಳಿದ್ರೂ ಹೋಗುದಿಲ್ಲ, ನನ್ನ ಪರಿಚಯ ಉಂಟು ಅವಕ್ಕೆ" ಎನ್ನುತ್ತಿದ್ದರು. ಬಾತುಗಳು ಕೂತಿದ್ದರೆ ಆ ಭಾಗದ ಹುಲ್ಲನ್ನು ಬಿಟ್ಟು ಬೇರೆ ಕಡೆ ಕೊಯ್ಯುತ್ತಿದ್ದರು.

ಸರ್‌ಗೆ ಲಲಿತಕ್ಕನೆಂದರೆ ಆಗುತ್ತಿರಲಿಲ್ಲ. ಒಮ್ಮೆ ದಡದ ಮೇಲೆ ಬಾಲ ಕುಣಿಸುತ್ತ ಓಡಾಡುವ ಚಿಕ್ಕ ಹಕ್ಕಿಯೊಂದನ್ನು ತೋರಿಸಿ ಲಲಿತಕ್ಕ, "ಕುಂಡೆಕುಸ್ಕ ಬಂತು ಈ ವರ್ಷ ಬೇಗ" ಎಂದರು. ಇವರ ಮುಖ ಕೆಂಪಾಯಿತು. "ಎಂತ ಅಸಭ್ಯ ಮಾತು! ಹೆಂಗಸಾಗಿ! ವ್ಯಾಗ್‌ಟೇಲ್ ಅನ್ನಬೇಕು." ಲಲಿತಕ್ಕ ಹುಲ್ಲಿನ ಕಟ್ಟು ತಲೆಗೇರಿಸಿ ಹೋದರು. ಮನೆಗೆ ಬಂದು ನನ್ನ ಹೆಂಡತಿ ಜಮೀಲಾಳಿಗೆ ಹೇಳಿದೆ.

"ವ್ಯಾಗ್‌ಟೇಲ್ ಅಂದ್ರೆ ಎಂತ?" ಎಂದು ಕೇಳಿದಳು.

"ಬಾಲ ಅಲ್ಲಾಡಿಸುವುದು."

"ಮತ್ತೆ ಲಲಿತಕ್ಕ ಹೇಳಿದ್ದು?"

"ಅದೂ ಹೆಚ್ಚುಕಮ್ಮಿ ಅದೇ."

"ಹಾಗಾದ್ರೆ ಇಂಗ್ಲಿಷಿನಲ್ಲಿ ಅಲ್ಲಾಡಿಸಿದ್ರೆ ಮರ್ಯಾದೆ ಅಂತ ಆಯ್ತು" ಎಂದು ಮೀನಿಗೆ ಮಸಾಲೆ ಹಚ್ಚಲು ಹೋದಳು.

ಕಪ್ಪು ಕೊಕ್ಕರೆಯ ಪ್ರಕರಣ ಆದದ್ದು ಅದರ ಮುಂದಿನ ವರ್ಷ. ಹಿಂದಿನ ಸಂಜೆ ಜೋರು ಗಾಳಿಮಳೆ. ಬೆಳಿಗ್ಗೆ ನಾನು ಹೋಗುವಾಗ ಸರ್ ಮರದ ಮರೆಯಲ್ಲಿ ಬಗ್ಗಿ ನಿಂತಿದ್ದರು. ನನ್ನನ್ನು ಕಂಡವರೇ ಅಂಗೈ ಎತ್ತಿದರು. "ಕಪ್ಪು ಕೊಕ್ಕರೆ" ಎಂದು ಪಿಸುಗುಟ್ಟಿದರು. "ಈ ಭಾಗದಲ್ಲಿಯೇ ರೆಕಾರ್ಡ್ ಇಲ್ಲ. ಐತಿಹಾಸಿಕ." ಜೊಂಡಿನ ನಡುವೆ ಕಪ್ಪಗೆ ಏನೋ ಓರೆಯಾಗಿ ನಿಂತಿತ್ತು. ಇಪ್ಪತ್ತು ನಿಮಿಷ ನೋಡಿದರು, ನೋಟುಪುಸ್ತಕದ ವಿಶೇಷದ ಕಲಮಿನಲ್ಲಿ ಮೊದಲ ಸಲ 'ಇಲ್ಲ' ಅಲ್ಲದ್ದನ್ನು ಬರೆದರು, ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಿದರು. ನನ್ನ ಬೈನಾಕ್ಯುಲರಿನಲ್ಲಿ ನೋಡಿದೆ. ನೋಡಿ ಸುಮ್ಮನಾದೆ. ಅಷ್ಟರಲ್ಲಿ ಲಲಿತಕ್ಕ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಸೀದಾ ಹೋಗಿ ಆ ಕೊಕ್ಕರೆಯ ಕುತ್ತಿಗೆ ಹಿಡಿದು ಎಳೆದರು. "ಅಯ್ಯೋ ದೇವರೇ, ನನ್ನ ಕೊಡೆ! ನಿನ್ನೆಯಿಂದ ಹುಡುಕ್ತಾ ಇದ್ದೇನೆ ಮಾರಾಯ್ರೆ!"

ಮತ್ತೊಬ್ಬರಾಗಿದ್ದರೆ ನಕ್ಕುಬಿಡುತ್ತಿದ್ದರು. ಇವರು, "ಈ ಹೆಂಗಸಿನಿಂದಾಗಿ ಹಕ್ಕಿ ಹಾರಿಹೋಯ್ತು. ಕೊಡೆ ಬೇರೆ, ಹಕ್ಕಿ ಅದರ ಹಿಂದೆ ಇತ್ತು" ಎಂದರು. ಬರೆದದ್ದನ್ನು ಹೊಡೆದು ಹಾಕಲಿಲ್ಲ. ಅಷ್ಟೂ ವರ್ಷಗಳಲ್ಲಿ ಅವರು ಬರೆದ ಒಂದೇ ಒಂದು ವಿಶೇಷ ಲಲಿತಕ್ಕನ ಕೊಡೆ.

ಆ ವಾರವೇ ಬೈನಾಕ್ಯುಲರ್ ಹಿಡಿದುಕೊಂಡು ಅಂಗಡಿಗೆ ಬಂದರು. "ಲೆನ್ಸಿಗೆ ಫಂಗಸ್ ಹಿಡಿದಿದೆ ಸಾಹೇಬ್ರೇ, ಎಲ್ಲ ಮಂಜು ಮಂಜು. ಕ್ಲೀನ್ ಮಾಡಿ." ನಮ್ಮ ಊರಿನ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದು ಸಾಮಾನ್ಯ, ಆದ್ದರಿಂದ ಬಿಚ್ಚಿ ನೋಡಿದೆ. ಲೆನ್ಸು ಹೊಸದರಂತೆ ಇತ್ತು. ಒರೆಸಿ ಕೊಟ್ಟೆ. ಹತ್ತು ದಿನಕ್ಕೆ ಮತ್ತೆ ಬಂದರು. ಮೂರನೆಯ ಸಲ ಬಂದಾಗ, "ಸರ್, ಒಮ್ಮೆ ಈ ಕುರ್ಚಿಯಲ್ಲಿ ಕೂತ್ಕೊಳ್ಳಿ" ಎಂದೆ.

ಗೋಡೆಯ ಅಕ್ಷರದ ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಗಳಗಳನೆ ಓದಿಬಿಟ್ಟರು. ಅಷ್ಟು ಚೆನ್ನಾಗಿ ಯಾರೂ ಓದುವುದಿಲ್ಲ. ಹಿಂದೆ ತಮ್ಮ ಹೆಂಡತಿಯ ಕಣ್ಣು ಪರೀಕ್ಷೆಗೆ ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ಬಾಯಿಪಾಠ ಮಾಡಿಕೊಂಡಿದ್ದರು. ನಾನು ಬೋರ್ಡನ್ನು ತಿರುಗಿಸಿದೆ, ಆ ಬದಿಯಲ್ಲಿ ಅಂಕಿಗಳು. ಎಲ್ಲಕ್ಕಿಂತ ಮೇಲಿನ ದೊಡ್ಡ ಅಂಕಿಯನ್ನೂ ಹೇಳಲಾಗಲಿಲ್ಲ. ಬಲಗಣ್ಣಿನಲ್ಲಿ ಪೊರೆ ಪೂರ್ತಿ ಬೆಳೆದಿತ್ತು, ಎಡಗಣ್ಣು ಅದರ ಹಿಂದೆಯೇ ಹೊರಟಿತ್ತು.

"ಡಾಕ್ಟ್ರನ್ನು ಕಾಣಿ ಸರ್. ಪೊರೆ ತೆಗೆಸಿದ್ರೆ ಸರಿಯಾಗ್ತದೆ. ಈಗೆಲ್ಲ ಸುಲಭ."

ಸರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನನ್ನ ಅಣ್ಣನಿಗೆ ಹೀಗೇ ಸುಲಭ ಅಂತ ಹೇಳಿದ್ರು. ಒಂದು ಕಣ್ಣು ಹೋಯ್ತು" ಎಂದರು. ಆಮೇಲೆ, "ಯಾರಿಗೂ ಹೇಳ್ಬೇಡಿ ಸಾಹೇಬ್ರೇ. ಹಕ್ಕಿ ನೋಡುವವನಿಗೆ ಕಣ್ಣು ಕಾಣುದಿಲ್ಲ ಅಂತಾದ್ರೆ ಮತ್ತೆ ಎಂತ ಉಂಟು ನನಗೆ?" ಎಂದರು. ಅವರನ್ನು ಕಂಡು ನನಗೆ ಪಾಪ ಅನಿಸಿದ್ದು ಅದೊಂದೇ ಸಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗಿರಾಕಿಯ ಕಣ್ಣಿನ ವಿಷಯ ಅಂಗಡಿಯಿಂದ ಹೊರಗೆ ಹೋಗಬಾರದು, ಅದು ನಮ್ಮ ಬಾಪನ ಕಾಲದಿಂದಲೂ ಇರುವ ಕ್ರಮ.

ಕೆರೆಯನ್ನು ಸುಂದರಗೊಳಿಸುವ ಯೋಜನೆ ಬಂದದ್ದು ಮರುವರ್ಷ. ಸುತ್ತಲೂ ನಡೆಯುವ ದಾರಿ, ದೀಪ, ಕೂರಲು ಬೆಂಚು. ಅದಕ್ಕಾಗಿ ಕೆಸರಿನ ಅರ್ಧವನ್ನು ಮಣ್ಣು ಹಾಕಿ ತುಂಬಿಸಬೇಕು. ಸ್ಥಳ ನೋಡಲು ಬಂದ ಎಂಜಿನಿಯರ್ ಯುವಕ, ಮರ್ಯಾದಸ್ಥ. ನವೆಂಬರಿನ ಬೆಳಿಗ್ಗೆ, ಏಳು ಗಂಟೆ. ದಡದಲ್ಲಿ ನಾವು ನಾಲ್ಕೇ ಜನ: ಅವರು, ಸರ್, ನಾನು, ಕತ್ತಿ ಹಿಡಿದ ಲಲಿತಕ್ಕ. ಎಂಜಿನಿಯರ್ ಸರ್ ಕಡೆ ತಿರುಗಿ, "ಇಲ್ಲಿಯ ಹಕ್ಕಿಗಳ ಬಗ್ಗೆ ನಿಮಗೇ ಗೊತ್ತಿರುವುದು ಅಂತ ಸಂಘದವರು ಹೇಳಿದ್ರು. ಆ ಕಡೆ ಹಕ್ಕಿ ಬರ್ತದೆ ಅಂತಾದ್ರೆ ನಾವು ಅದನ್ನು ಮುಟ್ಟುದಿಲ್ಲ, ಪ್ಲಾನ್ ಬದಲಿಸ್ತೇವೆ. ಎಂತ ವಿಶೇಷ ಉಂಟು ಸರ್?" ಎಂದು ಕೇಳಿದರು.

ಕೇಳಿದ ರೀತಿಯಲ್ಲೇ ಕೆಲಸ ಕೆಟ್ಟಿತು. ದಿನಾ ಬೆಳಿಗ್ಗೆ ಹಾಲಿನವರು ಕೇಳುವ ಶಬ್ದಗಳೇ ಅವರ ಬಾಯಲ್ಲಿ ಬಂದವು. ಸರ್ ಬೈನಾಕ್ಯುಲರ್ ಎತ್ತಿದರು. ಕೆಸರಿನ ತುಂಬ ಬಾತುಗಳು ಕೂತಿದ್ದವು, ಕತ್ತು ಹಿಂದಕ್ಕೆ ಮಡಚಿ, ಬಿಸಿಲು ಕಾಯಿಸಿಕೊಂಡು. ಇವರು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು, ಬಲದಿಂದ ಎಡಕ್ಕೆ ನೋಡಿದರು. ಫೋಕಸ್ಸನ್ನೂ ತಿರುಗಿಸಿದರು. ಆಮೇಲೆ ಕೆಳಗಿಳಿಸಿ, "ವಿಶೇಷ ಎಂತದ್ದೂ ಇಲ್ಲ" ಎಂದರು. "ಒಮ್ಮೆ ಒಂದು ಕಪ್ಪು ಕೊಕ್ಕರೆ ಬಂದಿತ್ತು. ಅಷ್ಟೆ." ಎಂಜಿನಿಯರ್ ಬರೆದುಕೊಂಡರು.

ಲಲಿತಕ್ಕ ತಡೆಯಲಾರದೆ, "ಅದೆಂತ ಸರ್, ಅಷ್ಟು ಬಾತು ಉಂಟಲ್ಲ ಅಲ್ಲಿ!" ಎಂದರು. ಜೊಂಡಿನ ಬಣ್ಣದ ಬಾತುಗಳು ಎಂಜಿನಿಯರ್‌ಗೆ ಕಾಣಲಿಲ್ಲವೋ, ಯಾರೋ ಸಾಕಿದ ಊರಬಾತು ಎಂದುಕೊಂಡರೋ, ಸಂಶಯದಿಂದ ಸರ್ ಮುಖ ನೋಡಿದರು. ಸರ್ ಅಂಗೈ ಎತ್ತಿದರು. "ಇವಳು ಹುಲ್ಲು ಕೊಯ್ಯುವವಳು. ಹುಲ್ಲು ಹೋಗ್ತದೆ ಅಂತ ಹೇಳ್ತಾಳೆ." ಆಗ ಲಲಿತಕ್ಕ ನನ್ನ ಕಡೆ ತಿರುಗಿದರು. "ಕಾಕ, ನೀವಾದ್ರೂ ಹೇಳಿ."

ನನ್ನ ಕುತ್ತಿಗೆಯಲ್ಲೂ ಬೈನಾಕ್ಯುಲರ್ ಇತ್ತು. ಕಣ್ಣಿನ ವಿಷಯ ಎತ್ತದೆಯೂ, ಬಾತು ಉಂಟು ಎಂದಿಷ್ಟು ಹೇಳಬಹುದಿತ್ತು. ಆದರೆ ನಾನು ಉಂಟು ಎಂದರೆ, ಇವರಿಗೆ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು, ಪೊರೆ ಕಟ್ಟಿದ ಆ ಎರಡು ಕಣ್ಣುಗಳಿಂದ. "ಸರ್ ತಿಳಿದವರು, ಅವರು ಹೇಳಿದ ಮೇಲೆ ಮತ್ತೆ ನಾನೆಂತ ಹೇಳುದು" ಎಂದೆ. ಎಂಜಿನಿಯರ್ ಫೈಲು ಮುಚ್ಚಿದರು.

ಬೇಸಿಗೆಯಲ್ಲಿ ಟಿಪ್ಪರುಗಳು ಬಂದವು. ಒಂದು ತಿಂಗಳು ಮಣ್ಣು ಸುರಿದು ಕೆಸರನ್ನು ಮುಚ್ಚಿದರು. ಅದರ ಮೇಲೆ ಬಣ್ಣದ ಕಲ್ಲಿನ ದಾರಿ. ಮೂಲೆಯಲ್ಲಿ, ಬಾತುಗಳು ಕೂರುತ್ತಿದ್ದ ಜಾಗದಲ್ಲಿಯೇ, ಸರ್ ಒತ್ತಾಯದ ಮೇಲೆ ಪಕ್ಷಿ ವೀಕ್ಷಣೆಯ ಗೋಪುರ. ಹಕ್ಕಿಗಳ ಜಾಗದಲ್ಲಿ ಹಕ್ಕಿ ನೋಡುವ ಗೋಪುರ ಕಟ್ಟಿದ ಊರು ಬೇರೆಲ್ಲಾದರೂ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಗೋಪುರದ ಗೋಡೆಯ ಮೇಲೆ ಚಿತ್ರ ಬರೆಸಿದರು: ಆಳೆತ್ತರದ ಕಪ್ಪು ಕೊಕ್ಕರೆ, ಕೆಂಪು ಕೊಕ್ಕು. ಉದ್ಘಾಟನೆಯ ದಿನ ಸರ್‌ಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ಲಲಿತಕ್ಕ ಬರಲಿಲ್ಲ. ಹುಲ್ಲು ಇಲ್ಲದೆ ಅವರು ದನವನ್ನು ಮಾರಿಯಾಗಿತ್ತು.

ಆ ಮಳೆಗಾಲದಲ್ಲಿ ಅವರ ಮಗಳು ಬಂದು, ಅಪ್ಪನನ್ನು ಹೆಚ್ಚುಕಮ್ಮಿ ಎಳೆದುಕೊಂಡು ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿದಳು. ಹದಿನೈದು ದಿನ ಕಪ್ಪು ಕನ್ನಡಕ. ಆಮೇಲೆ ಮನುಷ್ಯ ತರಕಾರಿ ಅಂಗಡಿಯಲ್ಲಿ, ಸಲೂನಿನಲ್ಲಿ, ಸಂಘದ ಮೀಟಿಂಗಿನಲ್ಲಿ, ಕಂಡಕಂಡವರಿಗೆ ಹೇಳಿದ್ದೇ ಹೇಳಿದ್ದು: "ಎರಡು ವರ್ಷದಿಂದ ನನಗೆ ಎಂತದ್ದೂ ಕಾಣ್ತಾ ಇರಲಿಲ್ಲ ಮಾರಾಯ್ರೆ! ನಿಮ್ಮ ಮುಖ ಕೂಡ ಅಂದಾಜು! ಮೊದಲು ಕಂಡುಹಿಡಿದದ್ದೇ ನಮ್ಮ ಬಿಜೈಯ ಸಾಹೇಬ್ರು. ಈಗ ನೋಡಿ, ಎಂತ ಕ್ಲಿಯರ್!" ಒಂದು ಕೆರೆಯನ್ನು ಬಲಿ ಕೊಟ್ಟು ನಾನು ಕಾಪಾಡಿದ ಗುಟ್ಟನ್ನು ಆ ಮಹಾಶಯರು ಅರ್ಧ ಕಿಲೋ ತೊಂಡೆಕಾಯಿ ತೂಗಿಸುವಾಗ ಊರಿಗೆಲ್ಲ ಹಂಚಿದರು. ನನಗೆ ಅವರ ಮೇಲೆ ನಿಜವಾದ ತಿರಸ್ಕಾರ ಹುಟ್ಟಿದ್ದು ಅವತ್ತು. ಅದಕ್ಕಿಂತ ಮೊದಲಿನದೆಲ್ಲ ಬರೀ ತಮಾಷೆ.

ನವೆಂಬರಿನಲ್ಲಿ ಹೊಸ ಕಣ್ಣುಗಳೊಂದಿಗೆ ಗೋಪುರ ಹತ್ತಿದರು. ನಾನೂ ಹತ್ತಿದೆ, ಅವರೇನು ಹೇಳುತ್ತಾರೋ ಕೇಳಬೇಕಿತ್ತು. ಕೆಳಗೆ ಸಿಮೆಂಟಿನ ಅಂಚು, ಅಲುಗಾಡದ ನೀರು, ಒಂದು ಚಿಪ್ಸಿನ ಪ್ಯಾಕೆಟು. ಮನುಷ್ಯನಿಗೆ ಒಂದು ಕ್ಷಣವಾದರೂ ಎದೆಯಲ್ಲಿ ಏನಾದರೂ ಆದೀತು ಎಂದು ಕಾದೆ. ಇವರು ಎಡದಿಂದ ಬಲಕ್ಕೆ ನೋಡಿ, ತೃಪ್ತಿಯಿಂದ, "ನಾನು ಆವತ್ತೇ ಹೇಳಿದ್ದೆ ಸಾಹೇಬ್ರೇ. ವಿಶೇಷ ಎಂತದ್ದೂ ಇಲ್ಲ" ಎಂದರು. ನೋಟುಪುಸ್ತಕ ತೆಗೆದು ಬರೆದರು ಕೂಡ. ಈ ಆಷಾಢದಲ್ಲಿ ನಿದ್ದೆಯಲ್ಲೇ ಹೋದರು. ಅವರಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ, ತಿಳಿಯಬೇಕೆಂಬ ಆಸೆಯೂ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ಸಿಳ್ಳೆ ಕೇಳಿ ಹೊರಗೆ ಓಡಿದೆ. ಹಿಂಡು ಬಂದಿತ್ತು. ಕೆರೆಯ ಮೇಲೆ ಒಂದು ಸುತ್ತು ಹಾಕಿ, ಗೋಪುರದ ಹತ್ತಿರ ತಗ್ಗಿಗೆ ಇಳಿದು, ಮತ್ತೆ ಎದ್ದು, ಇನ್ನೊಂದು ಸುತ್ತು ಹಾಕಿತು. ಇಳಿಯಲು ಜಾಗವಿರಲಿಲ್ಲ. ಮೂರನೆಯ ಸುತ್ತಿಗೆ ನದಿಯ ಕಡೆ ತಿರುಗಿ ಹೋಯಿತು. ಕಣ್ಣು ಕೆಳಗಿಳಿಸಿದಾಗ ಲಲಿತಕ್ಕ ದಾರಿಯಲ್ಲಿ ನಿಂತಿದ್ದರು. ಆ ತರಕಾರಿ ಅಂಗಡಿಯ ಮಾತು ಕಿವಿಗೆ ಬಿದ್ದ ಮೇಲೆ ಒಂದು ವರ್ಷದಿಂದ ಅವರು ನನ್ನೊಂದಿಗೆ ಮಾತಾಡಿರಲಿಲ್ಲ.

"ಕಾಕ" ಎಂದರು. "ಅವತ್ತು ಆ ಎಂಜಿನಿಯರ್ ಬಂದಾಗ, ಸರ್‌ಗೆ ಕಾಣ್ತಿರಲಿಲ್ಲ, ಆಯ್ತು. ನಿಮಗೆ ಕಂಡಿತ್ತಲ್ಲ?"

"ಕಂಡಿತ್ತು."

"ಎಷ್ಟಿತ್ತು?"

"ನಲವತ್ತೊಂದು" ಎಂದೆ.